ಅರಿಶಿನಕ್ಕೆ ಹೊಸ ಅನುಪಾನ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಮೊನ್ನೆ ಮೂರು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ, ಮತ್ತೊಂದರಲ್ಲಿ ಸುಣ್ಣದ ತಿಳಿ. ಮೂರಕ್ಕೂ ಒಂದೊಂದು ಚಿಟಿಕೆ ಅರಿಶಿನದ ಪುಡಿ ಹಾಕಿ ಕಲಕಿದೆ. ನೀರಿನಲ್ಲಿ ಪುಡಿ ಕಲಕಿದಷ್ಟು ಹೊತ್ತು ತೇಲಾಡಿ, ಆಮೇಲೆ ಸುಮ್ಮನೆ ತಳಕ್ಕೆ ಕೂತಿತು. ಎಣ್ಣೆ ಹೊನ್ನಿನ ಬಣ್ಣಕ್ಕೆ ತಿರುಗಿತು. ಸುಣ್ಣದ ತಿಳಿ ಆರತಿ ತಟ್ಟೆಯ ಓಕುಳಿಯಂತೆ ಕೆಂಪಾಯಿತು; ಅರ್ಧ ಗಂಟೆ ಬಿಟ್ಟು ನೋಡಿದರೆ ಆ ಕೆಂಪು ಆಗಲೇ ಮಂಕಾಗತೊಡಗಿತ್ತು.

ಸಸ್ಯದ ಸತ್ವವನ್ನು ಔಷಧಿಯಾಗಿ ಮೈಯೊಳಗೆ ಕಳಿಸಹೊರಟವರ ಕಷ್ಟವೆಲ್ಲ ಈ ಮೂರು ಲೋಟಗಳಲ್ಲಿದೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದು. ನಮ್ಮ ರಕ್ತವಾದರೋ ಬಹುಪಾಲು ನೀರು. ಕ್ಷಾರದ ಸೋಂಕು ತಗುಲಿದರೆ ಕರ್ಕ್ಯುಮಿನ್ ಒಡೆದುಹೋಗುತ್ತದೆ. ರಕ್ತದ್ದೂ ತುಸು ಕ್ಷಾರದ ಕಡೆಗೆ ವಾಲಿದ ಗುಣವೇ. ಮೈಯ ಶಾಖದಲ್ಲಿ, ಅಷ್ಟೇ ಕ್ಷಾರತೆಯ ಬರಿಯ ದ್ರಾವಣದಲ್ಲಿ ಕರ್ಕ್ಯುಮಿನ್ ಇಟ್ಟರೆ ಅರ್ಧ ಗಂಟೆಯಲ್ಲಿ ನೂರಕ್ಕೆ 90 ಪಾಲು ಇಲ್ಲವಾಗುತ್ತದೆಂದು 1997ರ ಒಂದು ಪ್ರಯೋಗ ತೋರಿಸಿತು. ರಕ್ತದಲ್ಲಿನ ಪ್ರೋಟೀನುಗಳು ಅದನ್ನು ಸ್ವಲ್ಪ ಕಾಪಾಡುತ್ತವೆ, ನಿಜ. ಆದರೆ ಕಾಪಾಡಿಸಿಕೊಳ್ಳಲು ಮೊದಲು ರಕ್ತದವರೆಗೆ ಬರಬೇಕಲ್ಲ.

ಬರುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿದ ಮೊದಲಿಗರಲ್ಲಿ ಇಬ್ಬರು ನಮ್ಮೂರಿನಲ್ಲಿ ಕೆಲಸ ಮಾಡಿದವರು. ನಮ್ಮ ಬಡಾವಣೆಯಿಂದ ಹುಣಸೂರು ರಸ್ತೆ ದಾಟಿ ಉತ್ತರಕ್ಕೆ ಹೋದರೆ ಚೆಲುವಾಂಬ ಮ್ಯಾನ್ಷನ್ ಸಿಗುತ್ತದೆ. ಅರಮನೆಯ ರಾಜಕುಮಾರಿಗಾಗಿ ಕಟ್ಟಿದ ಆ ಕಟ್ಟಡದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಶುರುವಾಯಿತು. ಅಲ್ಲಿನವರು ಅರಿಶಿನವನ್ನು ಹಿಡಿದು ಕೂತದ್ದು ಇವತ್ತಿನ ಜಾಹೀರಾತುಗಳಿಗಿಂತ ಬಹಳ ಮೊದಲು. ಕರ್ಕ್ಯುಮಿನ್ ತಿನ್ನಿಸಿದ ಇಲಿಗಳಲ್ಲಿ ಕೊಲೆಸ್ಟರಾಲ್ ಇಳಿಯುತ್ತದೆಂಬ ಪ್ರಬಂಧ 1970ರಲ್ಲೇ ಇಲ್ಲಿಂದ ಹೊರಬಂತು. ಅದರ ಹತ್ತು ವರ್ಷದ ಮೇಲೆ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಬೇರೆಯೇ ಪ್ರಶ್ನೆ ಎತ್ತಿದರು: ಇಲಿಯ ಹೊಟ್ಟೆಗೆ ಹೋದ ಕರ್ಕ್ಯುಮಿನ್ ಆಮೇಲೆ ಎಲ್ಲೆಲ್ಲಿ ಹೋಯಿತು? ಒಂದೊಂದು ಇಲಿಗೆ 400 ಮಿಲಿಗ್ರಾಂ ಕೊಟ್ಟರು. ಕರುಳು, ಯಕೃತ್ತು, ಮೂತ್ರಪಿಂಡ, ಮಲ, ಮೂತ್ರ, ರಕ್ತ ಎಲ್ಲವನ್ನೂ ಶೋಧಿಸಿದರು. ಸುಮಾರು ನೂರಕ್ಕೆ 60 ಪಾಲು ಕರುಳಿನಿಂದ ಹೀರಲ್ಪಟ್ಟಿತ್ತು. ಆದರೆ ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 5 ಮೈಕ್ರೊಗ್ರಾಮಿಗಿಂತ ಕಡಿಮೆ. ಹೃದಯದ ರಕ್ತದಲ್ಲಿ ಕುರುಹೇ ಇಲ್ಲ. ದಾರಿಯಲ್ಲೇ ಮೈ ಅದನ್ನು ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುವ ಸಿದ್ಧತೆ ಮಾಡಿಬಿಟ್ಟಿತ್ತು. ಸಾಲದ್ದಕ್ಕೆ, ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೇರಿಸಿ ಗುರುತು ಹಾಕಿದ ಕರ್ಕ್ಯುಮಿನ್ನನ್ನೂ ಅವರು ಬೆನ್ನಟ್ಟಿದರು.

ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆದ ಅದೇ ವಿಜಯಲಕ್ಷ್ಮಿಯವರು ಮುಂದೆ ಮಿದುಳಿನ ಸಂಶೋಧನೆಯಲ್ಲಿ ದೇಶಕ್ಕೇ ದೊಡ್ಡ ಹೆಸರಾದರು, ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದರು. ನನಗೆ ಮಾತ್ರ ಅವರ ಆ ಇಲಿಗಳ ಲೆಕ್ಕವೇ ಹೆಚ್ಚು ಪ್ರಿಯ. ತಾನು ಪರೀಕ್ಷಿಸುತ್ತಿರುವ ವಸ್ತು ರಕ್ತಕ್ಕೆ ತಲುಪುತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆಯುವುದಕ್ಕೆ ಒಂದು ಬಗೆಯ ನಿಷ್ಠೆ ಬೇಕು. ಇವತ್ತು ಜಗತ್ತಿನಾದ್ಯಂತ ಕರ್ಕ್ಯುಮಿನ್ನಿಗೆ ವಾಹನ ಹುಡುಕುತ್ತಿರುವವರೆಲ್ಲ ಅಂದು ಮೈಸೂರಿನಲ್ಲಿ ಅಳೆದ ಆ ಕೊರತೆಯನ್ನೇ ತುಂಬಲು ಹೊರಟವರು.

ವಾಹನದ ವಿಚಾರ ನಮಗೇನೂ ಹೊಸದಲ್ಲ. ಆಯುರ್ವೇದದಲ್ಲಿ ಅದಕ್ಕೆ ಅನುಪಾನ ಎಂಬ ಹೆಸರೇ ಇದೆ. ಯಾವ ಮದ್ದನ್ನು ಜೇನಿನಲ್ಲಿ ತೇಯಬೇಕು, ಯಾವುದನ್ನು ತುಪ್ಪದಲ್ಲಿ ಕಲಸಬೇಕು, ಯಾವುದಕ್ಕೆ ಬಿಸಿನೀರು ಎಂದು ಪಂಡಿತರು ಹೇಳಿಕೊಡುತ್ತಿದ್ದರು. ಜೊತೆಗೂಡಿದ ಮದ್ದಿನ ಗುಣವನ್ನು ಹೊತ್ತೊಯ್ಯುವ ಜೇನಿಗೆ ಯೋಗವಾಹಿ ಎಂಬ ಬಿರುದು. ನೆಗಡಿಯಾದಾಗ ಹಾಲಿಗೆ ಅರಿಶಿನದ ಜೊತೆ ನಾಲ್ಕು ಕಾಳುಮೆಣಸು ಜಜ್ಜಿ ಹಾಕುವುದು ನಮ್ಮ ಕಡೆ ಮನೆಮನೆಯ ವಾಡಿಕೆ. ಅದಕ್ಕೊಂದು ಅಂಕಿ ಸಿಕ್ಕಿದ್ದು 1998ರಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಜಿ. ಶೋಭಾ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಕಂಡದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಮೆಣಸಿನ ಖಾರದ ಪೈಪರಿನ್ ಬರಿ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ರಕ್ತಕ್ಕೆ ದಕ್ಕುವ ಪ್ರಮಾಣ ಶೇಕಡ 2000ದಷ್ಟು ಏರಿತು. ಈ ಎರಡು ಸಾವಿರ ಈಗ ಪ್ರತಿಯೊಂದು ಅರಿಶಿನದ ಮಾತ್ರೆಯ ಡಬ್ಬಿಯ ಮೇಲೂ ಕೂತಿದೆ. ಸೊನ್ನೆಗೆ ಅಂಟಿಕೊಂಡ ಸಂಖ್ಯೆಯನ್ನು ಎಷ್ಟು ಪಟ್ಟು ಹೆಚ್ಚಿಸಿದರೂ ಅದು ಚಿಕ್ಕದಾಗಿಯೇ ಉಳಿಯಬಹುದು ಎಂಬುದನ್ನು ಡಬ್ಬಿಯವರು ಹೇಳುವುದಿಲ್ಲ. ಮೆಣಸು ಈ ಕೆಲಸ ಮಾಡುವುದು ಯಕೃತ್ತಿನ ಕೈ ಕಟ್ಟಿಹಾಕಿ. ಕಟ್ಟಿದ ಕೈ ನೀವು ನುಂಗಿದ ಬೇರೆ ಮಾತ್ರೆಗಳನ್ನೂ ಅಷ್ಟೇ ನಿಧಾನವಾಗಿ ವಿಲೇವಾರಿ ಮಾಡುತ್ತದೆ.

ಹಾಗಾದರೆ ಯಕೃತ್ತಿನ ತಂಟೆಗೆ ಹೋಗದೆ, ಮದ್ದನ್ನು ಹೊತ್ತು, ಬೇಕಾದ ಜಾಗದಲ್ಲಿ ಇಳಿಸುವ ಅನುಪಾನ ಒಂದಿದ್ದರೆ? ಈ ಹುಡುಕಾಟದಲ್ಲಿ ಎದುರಾದ ಹಲವು ವಾಹನಗಳಲ್ಲಿ ಒಂದು, ಎಲ್ಲಕ್ಕಿಂತ ವಿಚಿತ್ರವಾದದ್ದು, ಇಂಗಾಲದ ನ್ಯಾನೊಕೊಳವೆ.

ಪೆನ್ಸಿಲಿನ ಕಡ್ಡಿಯಲ್ಲಿರುವುದು ಇಂಗಾಲದ ಹಾಳೆಗಳ ಅಡಕ. ಒಂದೊಂದು ಹಾಳೆಯೂ ಜೇನುಹಟ್ಟಿಯಂತೆ ಆರು ಮೂಲೆಯ ಕಣ್ಣುಗಳ ಜಾಲ. ಅಂಥ ಒಂದು ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿ ಅಂಚು ಕೂಡಿಸಿದರೆ ಕೊಳವೆ. ಒಂಟಿ ಪದರದ್ದಾದರೆ ಅಡ್ಡಳತೆ ಸುಮಾರು 1 ನ್ಯಾನೊಮೀಟರ್, ನಮ್ಮ ಡಿಎನ್‌ಎ ಎಳೆಯ ಅರ್ಧ. ಒಂದರೊಳಗೊಂದು ಹೊಕ್ಕ ಬಹುಪದರದ ಕೊಳವೆಗಳು ಹತ್ತಾರು ನ್ಯಾನೊಮೀಟರ್. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇವುಗಳ ಚಿತ್ರ ಪ್ರಕಟಿಸಿದ ಮೇಲೆ ಲೋಕದ ಗಮನ ಹರಿಯಿತು. ರಷ್ಯದ ಇಬ್ಬರು 1952ರಲ್ಲೇ ಇಂಥವನ್ನು ಕಂಡಿದ್ದರು. ಕರ್ನಾಟಕವೂ ಈ ಕಥೆಯಲ್ಲಿ ಮೊದಲಿನಿಂದ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ.ಎನ್.ಆರ್. ರಾವ್ ಬೆಂಗಳೂರಿನಲ್ಲಿ ತಮ್ಮ ತಂಡದೊಡನೆ 1997ರಲ್ಲಿ ಫೆರೋಸೀನಿನಂಥ ಕಬ್ಬಿಣ ಬೆರೆತ ಸಂಯುಕ್ತಗಳನ್ನು ಕಾಯಿಸಿ ಕೊಳವೆ ಬೆಳೆಸುವ ದಾರಿ ತೋರಿದರು. ವೈ ಅಕ್ಷರದಂತೆ ಕವಲೊಡೆದ ಕೊಳವೆಗಳನ್ನೂ ಅವರ ತಂಡ ಮಾಡಿತು.

ಕೊಳವೆ ಅಂದರೆ ಪ್ರಯೋಗಾಲಯದ ಕೂಸು ಎಂದುಕೊಳ್ಳಬೇಕಿಲ್ಲ. ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ಆಮ್ಲದಲ್ಲಿ ಕರಗಿಸಿ 2006ರಲ್ಲಿ ನೋಡಿದಾಗ ಒಳಗೆ ಇಂಗಾಲದ ನ್ಯಾನೊಕೊಳವೆಗಳು ಕಂಡವು. ಆ ಜಾತಿಯ ಕತ್ತಿಗಳಿಗೆ ಬೇಕಾದ ಗಟ್ಟಿ ಲೋಹ ಹೋಗುತ್ತಿದ್ದುದು ದಕ್ಷಿಣ ಭಾರತದಿಂದ. ಯುರೋಪಿನವರು ಅದಕ್ಕೆ ಕೊಟ್ಟ ವೂಟ್ಜ್ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ವಿದ್ವಾಂಸರು ನಂಬುತ್ತಾರೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಗಳನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ಗಿಡದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಡ್ರೆಸ್ಡೆನ್ನಿನವರ ಊಹೆಯ ಪ್ರಕಾರ ಕೊಳವೆಗಳ ಹುಟ್ಟಿನ ಗುಟ್ಟೂ ಇಂಥ ಮೂಸೆಯಲ್ಲೇ ಇರಬೇಕು. ನಗೋಯಾದಲ್ಲಿ ಮುಕುಲ್ ಕುಮಾರ್ ಮತ್ತು ಯೋಶಿನೊರಿ ಆಂಡೊ ಕರ್ಪೂರವನ್ನು ಆವಿಮಾಡಿ ಸೊಗಸಾದ ನ್ಯಾನೊಕೊಳವೆ ಬೆಳೆಸಿದ್ದಾರೆ ಎಂದು ಓದಿದ ದಿನ ಮಂಗಳಾರತಿ ತಟ್ಟೆಯ ಮಧ್ಯದ ಕಪ್ಪು ಕಲೆಯನ್ನು ನಾನು ಬಹಳ ಹೊತ್ತು ನೋಡಿದೆ.

ಔಷಧಿಯವರ ಕಣ್ಣು ಈ ಕೊಳವೆಯ ಮೇಲೆ ಬಿದ್ದದ್ದು ಅದರ ಮೈಯ ವಿಸ್ತಾರಕ್ಕೆ. ಒಂಟಿ ಪದರದ ಕೊಳವೆಗಳು 1 ಗ್ರಾಂ ಇದ್ದರೆ, ಲೆಕ್ಕದಲ್ಲಿ, ಅವುಗಳ ಹೊರಮೈ ಸುಮಾರು 1300 ಚದರ ಮೀಟರ್. ನಮ್ಮ ಬೀದಿಯ ನಾಲ್ಕಾರು ಮನೆಗಳ ನಿವೇಶನ ಒಂದು ಚಿಟಿಕೆ ಮಸಿಯಲ್ಲಿ ಮಡಚಿ ಇಟ್ಟಂತೆ. ಅಷ್ಟು ಜಾಗದಲ್ಲಿ ಮದ್ದಿನ ಅಣುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ಜೊತೆಗೆ 2004ರ ಹೊತ್ತಿಗೆ ಆಲ್ಬರ್ಟೊ ಬಿಯಾಂಕೊ, ಮೌರಿಜಿಯೊ ಪ್ರಾಟೊ ಮೊದಲಾದವರು ತಕ್ಕಂತೆ ಅಣಿಗೊಳಿಸಿದ ಕೊಳವೆಗಳು ಜೀವಕೋಶದ ಪೊರೆ ದಾಟಿ ಒಳಹೋಗುತ್ತವೆಂದು ತೋರಿಸಿದರು.

ಆದರೆ ಬರಿಯ ಕೊಳವೆಗೂ ನೀರೆಂದರೆ ಆಗದು. ನೀರಿಗೆ ಹಾಕಿದರೆ ಕೂದಲ ಸಿಕ್ಕಿನಂತೆ ಒಂದಕ್ಕೊಂದು ಹೆಣೆದುಕೊಂಡು ಗಂಟಾಗಿ ಮುಳುಗುತ್ತವೆ. ಕರಗದ ಅರಿಶಿನಕ್ಕೆ ಕರಗದ ಮಸಿಯನ್ನು ವಾಹನ ಮಾಡುವುದು ಹೇಗೆ? ದಾರಿಗಳು ಎರಡು.

ಮೊದಲನೆಯದು ಅಪ್ಪುಗೆ. ಕರ್ಕ್ಯುಮಿನ್ ಅಣುವಿನ ಎರಡು ತುದಿಗಳಲ್ಲೂ ಆರು ಇಂಗಾಲದ ಚಪ್ಪಟೆ ಉಂಗುರಗಳಿವೆ. ಕೊಳವೆಯ ಮೈಯೆಲ್ಲ ಅಂಥದೇ ಉಂಗುರಗಳು. ಚಪ್ಪಟೆಗೆ ಚಪ್ಪಟೆ, ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ, ಎಲೆಕ್ಟ್ರಾನುಗಳ ನವಿರಾದ ಸೆಳೆತದಲ್ಲಿ ಅಂಟಿಕೊಳ್ಳುತ್ತವೆ. ಅಳಲೆಕಾಯಿ, ನೆಲ್ಲಿಕಾಯಿಗಳ ಒಗರಿನ ಟ್ಯಾನಿನ್ನುಗಳೂ ಹೀಗೆ ಕೊಳವೆಯ ಮೈಗೆ ಹತ್ತಿ ಅದನ್ನು ನೀರಿನಲ್ಲಿ ಹರಡಿಸುತ್ತವೆ. 2002ರಲ್ಲಿ ಇಸ್ರೇಲಿನಲ್ಲಿ ರಾಜ್‌ದೀಪ್ ಬಂದ್ಯೋಪಾಧ್ಯಾಯ ಮತ್ತು ಜೊತೆಯವರು ಗೊಂದಿನ, ಅಂದರೆ ಜಾಲಿಯ ಕುಲದ ಮರದ ಅಂಟಿನ, ನೀರಿಗೆ ಕೊಳವೆ ಹಾಕಿ ಕಲಕಿದರು. ಗಂಟು ಬಿಡಿಸಿಕೊಂಡು ಒಂದೊಂದೇ ಎಳೆಯಾಗಿ ತೇಲಿತು. ನನಗೆ ಇದನ್ನು ಓದಿದಾಗ ನೆನಪಾದದ್ದು ಇಲ್ಲೇ ಕೌಟಿಲ್ಯ ವೃತ್ತದ ಬಳಿಯ ಪ್ರಾಚ್ಯವಿದ್ಯಾ ಸಂಶೋಧನಾಲಯ. ಆರ್. ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರದ ಓಲೆಗರಿ ದೊರೆತ ಮನೆ. ಕಂಟದಿಂದ ಗೀರಿದ ಅಕ್ಷರ ಓಲೆಯ ಮೇಲೆ ಕಾಣಬೇಕಾದರೆ ದೀಪದ ಕಾಡಿಗೆಗೆ ಎಣ್ಣೆಯನ್ನೋ ಸೊಪ್ಪಿನ ರಸವನ್ನೋ ಬೆರೆಸಿ ತಿಕ್ಕಬೇಕು. ಕಾಗದಕ್ಕಾದರೆ ಕಾಡಿಗೆಗೆ ಅಂಟು ಬೆರೆಸಿ ಮಸಿ ಮಾಡಬೇಕು. ಗಿಡದ ರಸ ತೊಡಿಸಿ ಇಂಗಾಲವನ್ನು ನೀರಿಗೆ ಒಗ್ಗಿಸುವ ಕೈಚಳಕವನ್ನು ಲಿಪಿಕಾರರು ಯಾವಾಗಲೋ ಕಲಿತಿದ್ದರು.

ಎರಡನೆಯ ದಾರಿ ಬೆಸುಗೆ. ಗಂಧಕಾಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಬೆರೆಸಿ, ಕೊಳವೆಗಳನ್ನು ಅದರಲ್ಲಿ ನೆನೆಸಿ, ಕಿವಿಗೆ ಕೇಳದ ಶಬ್ದದಲೆಗಳಿಂದ ಗಂಟೆಗಟ್ಟಲೆ ನಡುಗಿಸುತ್ತಾರೆ. ಆಮ್ಲ ಕೊಳವೆಯ ತುದಿಗಳನ್ನೂ ಮೈಯಲ್ಲಿನ ಕುಂದುಗಳನ್ನೂ ಕಚ್ಚಿ ಗಾಯ ಮಾಡುತ್ತದೆ, ಉದ್ದವನ್ನು ತುಂಡರಿಸುತ್ತದೆ. ಪ್ರತಿ ಗಾಯದ ಬಾಯಲ್ಲೂ ಒಂದು ಕಾರ್ಬಾಕ್ಸಿಲ್ ಗುಂಪು, ವಿನೆಗರಿನಲ್ಲಿರುವಂಥ ಆಮ್ಲದ ಕೊಂಡಿ, ಮೂಡುತ್ತದೆ. ಆ ಕೊಂಡಿಗೆ ಸಸ್ಯಸತ್ವದ ಹೈಡ್ರಾಕ್ಸಿಲ್ ಕೈಯನ್ನು ಎಸ್ಟರ್ ಬಂಧದಿಂದ ಕೂಡಿಸಬಹುದು, ಅಥವಾ ನಡುವೆ ನೀರಿಗೆ ಒಗ್ಗುವ ಉದ್ದನೆಯ ದಾರವೊಂದನ್ನು ಕಟ್ಟಿ ಅದರ ತುದಿಗೆ ಮದ್ದು ತೂಗುಹಾಕಬಹುದು. ಅಪ್ಪುಗೆ ರಕ್ತದಲ್ಲಿ ಬೇಗ ಸಡಿಲವಾಗುತ್ತದೆ. ಬೆಸುಗೆ ಬಿಗಿಯಾದದ್ದು. ಅತಿ ಬಿಗಿಯಾದರೆ ಮದ್ದು ಕೊಳವೆಗೇ ಅಂಟಿಕೊಂಡು ಕೆಲಸಕ್ಕೆ ಬಾರದೆ ಉಳಿದೀತು. ಕ್ಯಾನ್ಸರ್ ಗಡ್ಡೆಗಳ ಸುತ್ತಲಿನ ಪರಿಸರ ಮೈಯ ಉಳಿದೆಡೆಗಿಂತ ಹುಳಿ. ಜೀವಕೋಶದೊಳಗಿನ ಜೀರ್ಣಚೀಲಗಳು ಇನ್ನೂ ಹುಳಿ. ರಕ್ತದಲ್ಲಿ ತಡೆದು ಹುಳಿಯಲ್ಲಿ ಬಿಚ್ಚಿಕೊಳ್ಳುವ ಗಂಟು ಹಾಕುವುದರಲ್ಲೇ ರಸಾಯನಜ್ಞರ ಆಯಸ್ಸು ಸವೆಯುತ್ತಿದೆ.

ಈ ಪ್ರಯತ್ನದಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಅರಿಶಿನದ್ದಲ್ಲ, ಪೆಸಿಫಿಕ್ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್‌ನದು. ಸ್ತನ ಕ್ಯಾನ್ಸರಿಗೆ ಕೊಡುವ ಈ ಮದ್ದೂ ನೀರಿನಲ್ಲಿ ಕರಗದು. ಆಸ್ಪತ್ರೆಗಳಲ್ಲಿ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ನಾಳಕ್ಕೆ ಬಿಡುತ್ತಾರೆ. ಆ ದ್ರಾವಕವೇ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಸ್ಟ್ಯಾನ್‌ಫರ್ಡಿನ ಹೊಂಗ್‌ಜೀ ದಾಯ್ ತಂಡ 2008ರಲ್ಲಿ ಈ ಮದ್ದನ್ನು ಒಂಟಿ ಪದರದ ಕೊಳವೆಗೆ ಎಸ್ಟರ್ ಗಂಟಿನಿಂದ ಕಟ್ಟಿ ಇಲಿಗಳಿಗೆ ಕೊಟ್ಟಿತು. ಗಡ್ಡೆಗೆ ತಲುಪಿದ ಮದ್ದು ಹಳೆಯ ವಿಧಾನಕ್ಕಿಂತ 10 ಪಟ್ಟು. ನಮ್ಮ ಸಹ್ಯಾದ್ರಿಯ ಕಾಡಿನಲ್ಲೊಂದು ಮರ, ನೊಥಪೊಡೈಟಿಸ್ ನಿಮ್ಮೋನಿಯಾನ, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ಮದ್ದಿನ ಮೂಲಕ್ಕಾಗಿ ಅದನ್ನು ಕಡಿದು ಕಡಿದು ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮೊದಲಾದವರು ಅದರ ಅಳಿವಿನ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದ್ದಾರೆ. ಆ ಮದ್ದಿನ ಒಂದು ರೂಪವನ್ನು ಬಹುಪದರದ ಕೊಳವೆಗೆ ಬೆಸೆದು ಚೀನಾದ ಸಂಶೋಧಕರು 2009ರಲ್ಲಿ ಇಲಿಗಳಲ್ಲಿ ಪರೀಕ್ಷಿಸಿದರು. ಇಂಥ ವಾಹನ ಕೈಗೂಡಿದರೆ ಕಡಿಮೆ ಮದ್ದು ಸಾಕಾಗಬಹುದು, ಕಡಿಮೆ ಮರ ಉರುಳಬಹುದು ಎಂಬ ಆಸೆ ನನಗೆ ರೋಗಿಗಳ ಮೇಲಿನ ಕಾಳಜಿಯಷ್ಟೇ ದೊಡ್ಡದು.

ಕರ್ಕ್ಯುಮಿನ್ನನ್ನೂ ಒಂಟಿ ಪದರದ ಕೊಳವೆಗೆ ಹತ್ತಿಸಿ 2014ರಲ್ಲಿ ಚೀನಾದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಮೇಲೆ ಪ್ರಯೋಗಿಸಿದರು, ಕೋಶಗಳು ಬರಿಯ ಕರ್ಕ್ಯುಮಿನ್‌ಗಿಂತ ಹೆಚ್ಚು ಸತ್ತವು. ಇಂಥ ವರದಿಗಳು ಈಗ ರಾಶಿ ರಾಶಿ. ಓದುವಾಗ ನಾನು ತಡೆದು ನಿಲ್ಲುವುದು ಇಲ್ಲಿಯೇ. ಕೋಶ ಬದುಕಿದೆಯೋ ಸತ್ತಿದೆಯೋ ತಿಳಿಯಲು ಸಾಮಾನ್ಯವಾಗಿ ಬಳಸುವುದು ಎಂಟಿಟಿ ಎಂಬ ಹಳದಿ ಬಣ್ಣ. ಬದುಕಿದ ಕೋಶ ಅದನ್ನು ನೇರಳೆ ಹರಳಾಗಿಸುತ್ತದೆ. ಹರಳನ್ನು ಕರಗಿಸಿ ನೇರಳೆಯ ಗಾಢತೆ ಅಳೆಯುತ್ತಾರೆ. ಜರ್ಮನಿಯ ಸಂಶೋಧಕರು 2006ರಲ್ಲಿ ತೋರಿಸಿದ್ದೇನೆಂದರೆ, ಕೊಳವೆಗಳು ಆ ಹರಳುಗಳನ್ನೇ ಅಪ್ಪಿ ಹಿಡಿದು ಕರಗಲು ಬಿಡುವುದಿಲ್ಲ. ಕೋಶಗಳು ಆರೋಗ್ಯವಾಗಿದ್ದರೂ ಸತ್ತಂತೆ ಲೆಕ್ಕ ಬರುತ್ತದೆ. ಮದ್ದನ್ನು ಹೊರಲು ನಾವು ನೆಚ್ಚಿಕೊಂಡ ಅಪ್ಪುಗೆಯೇ ಅಳತೆಯನ್ನು ಕೆಡಿಸಿತು. ಇನ್ನು ಕರ್ಕ್ಯುಮಿನ್: ಅದೂ ಹಳದಿ, ಅದೂ ಹೊಳೆಯುತ್ತದೆ, ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ. ಕ್ಯಾಥರಿನ್ ನೆಲ್ಸನ್ ಮತ್ತು ಇತರರು 2017ರಲ್ಲಿ ಬರೆದ ದೀರ್ಘ ವಿಮರ್ಶೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಗೆದ್ದಂತೆ ತೋರಿ ವಂಚಿಸುವ ಅಣುಗಳ ಸಾಲಿಗೆ ಕರ್ಕ್ಯುಮಿನ್ನನ್ನು ಸೇರಿಸಿತು. 120ಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ ಕಟ್ಟುನಿಟ್ಟಿನ ಹೋಲಿಕೆಯಲ್ಲಿ ಒಂದೂ ಯಶಸ್ಸು ಕಂಡಿಲ್ಲ ಎಂದಿತು. ಅಳತೆಗೋಲನ್ನು ತಪ್ಪಿಸಬಲ್ಲ ಎರಡು ವಸ್ತುಗಳನ್ನು ಒಂದಕ್ಕೊಂದು ಕಟ್ಟಿದಾಗ ಬರಿ ಬಣ್ಣದ ಅಂಕಿಯನ್ನು ನಂಬಲಾಗದು. ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು, ಬರಿ ಕೊಳವೆಯನ್ನೂ ಬರಿ ಕರ್ಕ್ಯುಮಿನ್ನನ್ನೂ ಬೇರೆ ಬೇರೆ ಪರೀಕ್ಷಿಸಿ ಹೋಲಿಸಬೇಕು, ಇನ್ನೊಂದು ವಿಧಾನದಿಂದ ತಾಳೆ ನೋಡಬೇಕು.

ಹಾಗೆಂದು ಕರ್ಕ್ಯುಮಿನ್ನನ್ನು ಬದಿಗೆ ತಳ್ಳಲು ನನಗೆ ಮನಸ್ಸಿಲ್ಲ. ರಕ್ತಕ್ಕೆ ಬಾರದೆ ಕರುಳಿನಲ್ಲಿ, ಯಕೃತ್ತಿನಲ್ಲಿ, ಪಿತ್ತದಲ್ಲಿ ಅದು ಕೆಲಸ ಮಾಡುವ ಸಾಧ್ಯತೆಯನ್ನು ಮೈಸೂರಿನ ಆ ಕೊಲೆಸ್ಟರಾಲ್ ಪ್ರಯೋಗಗಳೇ ಸೂಚಿಸಿದ್ದವು. ಎಲ್ಲ ಮದ್ದೂ ರಕ್ತದಲ್ಲಿ ಹರಿಯಬೇಕೆಂಬ ನಿಯಮವೇನಿಲ್ಲ.

ಇನ್ನುಳಿದದ್ದು ಹೊರುವವನ ವಿಚಾರ. ಜೇನು ಮದ್ದನ್ನು ಇಳಿಸಿ ತಾನೂ ಜೀರ್ಣವಾಗುತ್ತದೆ, ತುಪ್ಪವೂ ಹಾಗೆಯೇ. ಇಂಗಾಲದ ಕೊಳವೆ? ಎಡಿನ್‌ಬರದಲ್ಲಿ 2008ರಲ್ಲಿ ಉದ್ದನೆಯ ಬಹುಪದರದ ಕೊಳವೆಗಳನ್ನು ಇಲಿಗಳ ಉದರದ ಪೊರೆಯೊಳಗೆ ಬಿಟ್ಟಾಗ ಆಸ್ಬೆಸ್ಟಾಸ್ ನಾರು ಮಾಡುವಂಥದೇ ಉರಿಯೂತ, ಗಂಟುಗಳು ಕಂಡವು. ಸ್ವಚ್ಛಗೊಳಿಸುವ ಕೋಶಗಳು ಉದ್ದನೆಯ ಸೂಜಿಯನ್ನು ನುಂಗಲಾರದೆ ಬಾಯಿ ತೆರೆದೇ ಸೋಲುತ್ತವೆ. ಗಿಡ್ಡ ಕೊಳವೆಗಳು ಹಾಗೆ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2014ರಲ್ಲಿ ಒಂದು ನಿರ್ದಿಷ್ಟ ಬಗೆಯ ಬಹುಪದರದ ಕೊಳವೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಬೆಳೆಸುವಾಗ ಬಳಸಿದ ಕಬ್ಬಿಣ, ನಿಕ್ಕಲ್ ಚೂರುಗಳು ಒಳಗೆ ಉಳಿಯುವುದು ಇನ್ನೊಂದು ತೊಡಕು. ಇವತ್ತಿನವರೆಗೆ ನ್ಯಾನೊಕೊಳವೆ ಹೊತ್ತ ಯಾವ ಮದ್ದೂ ರೋಗಿಗಳಿಗೆ ಕೊಡಲು ಒಪ್ಪಿಗೆ ಪಡೆದು ಅಂಗಡಿಗೆ ಬಂದಿಲ್ಲ. ಹಾಗೆ ಹೇಳಿ ಮಾರುವವರಿದ್ದರೆ ಓದುಗರು ಕೊಳ್ಳಬಾರದು.

ಆದರೂ ಒಂದು ಸಂಗತಿ ನನ್ನನ್ನು ಈ ವಿಷಯಕ್ಕೆ ಮತ್ತೆ ಮತ್ತೆ ಎಳೆಯುತ್ತದೆ. 2006ರಲ್ಲಿ ಲಂಡನ್ನಿನ ತಂಡವೊಂದು ನೀರಿಗೆ ಒಗ್ಗಿಸಿದ ಕೊಳವೆಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟಾಗ ಅವು ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೊರಬಂದವು. 2008ರಲ್ಲಿ ಪಿಟ್ಸ್‌ಬರ್ಗಿನವರು ಕೊಳವೆಗಳನ್ನು ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಗೆಡ್ಡೆಯಿಂದ ತೆಗೆದ ಕಿಣ್ವದ ಜೊತೆ, ಚೂರು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ತಣ್ಣಗೆ ಇಟ್ಟರು. ಹನ್ನೆರಡು ವಾರಗಳಲ್ಲಿ ಕೊಳವೆಗಳು ಕರಗುತ್ತ ಬಂದವು. ಎರಡು ವರ್ಷ ಬಿಟ್ಟು, ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಅಂಥದೇ ಕಿಣ್ವ ಆ ಕೆಲಸವನ್ನು ಇನ್ನೂ ಬೇಗ ಮಾಡಬಲ್ಲುದೆಂದು ವಲೇರಿಯನ್ ಕಾಗನ್ ಮತ್ತು ಸಂಗಡಿಗರು ತೋರಿಸಿದರು. ಗೆಡ್ಡೆಯ ಕಿಣ್ವ ಎಲ್ಲ ಕೊಳವೆಗಳನ್ನೂ ತಿನ್ನಲಿಲ್ಲ. ಕುಂದಿಲ್ಲದ ನಯವಾದ ಕೊಳವೆ ಇಟ್ಟಲ್ಲೇ ಉಳಿಯಿತು. ಆಮ್ಲದಲ್ಲಿ ನೆಂದು ಮೈತುಂಬ ಗಾಯವಾದ ಕೊಳವೆಯೇ ಕರಗಿದ್ದು. ಮದ್ದನ್ನು ಕಟ್ಟಲು ಕೊಂಡಿ ಮೂಡಿದ್ದು ಆ ಗಾಯಗಳಲ್ಲೇ, ಕಿಣ್ವದ ಹಲ್ಲು ಹತ್ತಿದ್ದೂ ಅಲ್ಲಿಯೇ. ಆಮ್ಲದಲ್ಲಿ ಎಷ್ಟು ಹೊತ್ತು ಬಿಟ್ಟರೆ ಮದ್ದು ಹೊರುವಷ್ಟು ಗಟ್ಟಿಯಿದ್ದು, ಇಳಿಸಿದ ಮೇಲೆ ಮೈಯೊಳಗೇ ಕರಗುವಷ್ಟು ಮೆತ್ತಗಾದೀತು, ಕರಗಿದ್ದು ಮಲದಲ್ಲೆಷ್ಟು, ಮೂತ್ರದಲ್ಲೆಷ್ಟು, ಯಕೃತ್ತಿನಲ್ಲಿ ಉಳಿದದ್ದೆಷ್ಟು ಎಂದು ಈಗ ಕೊಳವೆಯನ್ನೂ ಬೆನ್ನಟ್ಟಬೇಕಾಗಿದೆ, ನಲವತ್ತೈದು ವರ್ಷದ ಹಿಂದೆ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕರ್ಕ್ಯುಮಿನ್ನನ್ನು ಬೆನ್ನಟ್ಟಿದ ಹಾಗೆ.